ಮೊಣಕಾಲಿನ ಜೊತೆ ಚೌಕಾಸಿ

ಮೊಣಕಾಲು ಹಿಡಿದುಕೊಂಡು ಬಂದವರು ಕುರ್ಚಿಯ ಮೇಲೆ ಕೂಡುವ ಮೊದಲೇ ಹೇಳುವ ಮಾತು ಒಂದೇ: "ನಾ ಏನೂ ಮಾಡಿಲ್ಲರೀ ಮ್ಯಾಡಮ್, ತಾನಾಗೇ ಶುರು ಆತು." ನಂಬಬೇಡಿ. ಮೊಣಕಾಲು ತಾನಾಗಿ ಏನನ್ನೂ ಶುರು ಮಾಡುವುದಿಲ್ಲ. ಅದು ಹಮಾಲನಿದ್ದ ಹಾಗೆ. ರೂಢಿಯಾದ ಮೂಟೆ ಎಷ್ಟೇ ಭಾರವಿರಲಿ, ಸುಮ್ಮನೆ ಹೊರುತ್ತದೆ. ಒಂದು ದಿನ ಏಕಾಏಕಿ ಎರಡು ಮೂಟೆ ಹೇರಿದಿರೋ, ಕೂಗುತ್ತದೆ. ಆದ್ದರಿಂದ "ಎಲ್ಲಿ ನೋವು?" ಅಂತ ಕೇಳುವ ಮೊದಲು "ಹೋದ ತಿಂಗಳು ಹೊಸದಾಗಿ ಏನು ಹಚ್ಚಿಕೊಂಡ್ರಿ?" ಅಂತ ಕೇಳಿ. ಆಗ ಹೊರಗೆ ಬರುತ್ತದೆ. ಪುಣೆಯ ಖರಾಡಿ ಬಡಾವಣೆಯ ಆಫೀಸಿನವರು ಗೆಳೆಯರ ಗುಂಪು ಕಟ್ಟಿಕೊಂಡು ಓಟಕ್ಕೆ ಇಳಿದಿರುತ್ತಾರೆ. ಮೊದಲ ಮಳೆ ಬಿದ್ದ ಕೂಡಲೇ ಕೋಟೆ ಹತ್ತಲು ಓಡಿದವರಿರುತ್ತಾರೆ. ಗಣಪತಿ ಹಬ್ಬದ ಢೋಲು ತಂಡ ಸೇರಿ, ಸೊಂಟಕ್ಕೆ ಢೋಲು ಬಿಗಿದುಕೊಂಡು ಸಂಜೆಯೆಲ್ಲ ಕುಣಿದವರಿರುತ್ತಾರೆ. ಹೊಸ ವರ್ಷಕ್ಕೆ ಜಿಮ್ ಸೇರಿ, ಹತ್ತು ವರ್ಷದ ಸೋಮಾರಿತನವನ್ನು ಹತ್ತು ದಿನದಲ್ಲಿ ತೊಳೆಯಲು ಹೊರಟವರಂತೂ ಸಾಲುಗಟ್ಟಿ ಬರುತ್ತಾರೆ. ಪುಣೆಯಲ್ಲಿ ನನಗೆ ಕ್ಯಾಲೆಂಡರ್ ಬೇಕಾಗುತ್ತಿರಲಿಲ್ಲ. ಬಾಗಿಲಲ್ಲಿ ಕುಂಟುವವರನ್ನು ನೋಡಿಯೇ ಯಾವ ತಿಂಗಳು ಅಂತ ಹೇಳುತ್ತಿದ್ದೆ.

ನಾನು ಫಿಜಿಯೋಥೆರಪಿಸ್ಟ್ ಆಗಿ ಮೊದಲು ಒಂದು ದೊಡ್ಡ ಆಸ್ಪತ್ರೆಯಲ್ಲಿ, ಆಮೇಲೆ ಹಡಪಸರದ ಎರಡು ಕೋಣೆಯ ನನ್ನದೇ ಕ್ಲಿನಿಕ್ಕಿನಲ್ಲಿ ಕೆಲಸ ಮಾಡಿದವಳು. ಈಗ ಬಾಗಿಲು ಹಾಕಿದ್ದೇನೆ. ನನ್ನ ಹತ್ತಿರ ಕೆಲಸ ಕಲಿತ ಹುಡುಗಿಯರು "ನೀವು ಹೇಳೋದು ಪುಸ್ತಕದಾಗ ಇಲ್ಲರೀ, ಬರೆದಿಡ್ರಿ" ಅಂತ ಗಂಟುಬಿದ್ದರು. ಅವರ ಮಾತು ನಿಜ. ಸ್ನಾಯುವಿನ ಹೆಸರು, ಎಲುಬಿನ ಹೆಸರು ಎಲ್ಲ ಕಾಲೇಜು ಕಲಿಸುತ್ತದೆ. ಆದರೆ "ಓಡಬೇಡಿ" ಅಂತ ಹೇಳಿದ ಮೇಲೆ ಎದುರಿಗಿದ್ದವರ ಮುಖ ಹೇಗಾಗುತ್ತದೆ, ಆ ಮುಖಕ್ಕೆ ಮುಂದೆ ಏನು ಹೇಳಬೇಕು ಅನ್ನುವುದನ್ನು ಯಾವ ಕಾಲೇಜೂ ಕಲಿಸುವುದಿಲ್ಲ.

ನನಗೆ ಅದನ್ನು ಕಲಿಸಿದವಳು ನಮ್ಮವ್ವ. ನಿಪ್ಪಾಣಿಯ ಓಣಿಗಳಲ್ಲಿ ತಲೆ ಮೇಲೆ ಬುಟ್ಟಿ ಹೊತ್ತು, ಹಳೇ ಬಟ್ಟೆ ತೆಗೆದುಕೊಂಡು ಹೊಸ ಪಾತ್ರೆ ಕೊಡುವ ವ್ಯಾಪಾರ ಅವಳದು. ಒಂದು ಜರಿ ಸೀರೆಗೆ ಎಷ್ಟು ದೊಡ್ಡ ಡಬ್ಬಿ, ಎರಡು ಪ್ಯಾಂಟಿಗೆ ಯಾವ ತಾಟು ಅಂತ ಒಂದೊಂದು ಬಾಗಿಲಲ್ಲೂ ಅರ್ಧ ತಾಸು ಚೌಕಾಸಿ ನಡೆಯುತ್ತಿತ್ತು. ನಾನು ಬಟ್ಟೆ ಗಂಟು ಹೊತ್ತು ಹಿಂದೆ ಹೋಗುತ್ತಿದ್ದೆ. ಅವ್ವ ಹೇಳುತ್ತಿದ್ದಳು: "ಯಾರ ಕೈಯಾಗಿಂದ ಏನರ ತಗೊಂಡ್ರ, ಆ ಕೈ ಖಾಲಿ ಬಿಡಬಾರದವಾ. ಖಾಲಿ ಕೈ ಜಗಳಾಡತೈತಿ." ನನ್ನ ಇಡೀ ವೃತ್ತಿ ಈ ಒಂದು ಮಾತಿನ ಮೇಲೆ ನಿಂತಿದೆ. ರೋಗಿಯಿಂದ ಓಟ ಕಿತ್ತುಕೊಳ್ಳುತ್ತೀರಾ? ಕಿತ್ತುಕೊಳ್ಳಿ. ಆದರೆ ಅದೇ ನಿಮಿಷಕ್ಕೆ ಕೈಯಲ್ಲಿ ಬೇರೆ ಏನಾದರೂ ಇಡಿ.

ನಾನು ಆಸ್ಪತ್ರೆಗೆ ಸೇರಿದಾಗ ಅಲ್ಲಿ ಇದರ ಉಲ್ಟಾ ನಡೆಯುತ್ತಿತ್ತು. ನಮ್ಮ ಹಿರಿಯ ಎಲುಬಿನ ಡಾಕ್ಟರು ಭಾಳ ದೊಡ್ಡ ಸರ್ಜನ್. ಕೈ ಅಂದರೆ ಚಿನ್ನದ ಕೈ. ಆದರೆ ವ್ಯಾಯಾಮದಿಂದ ಮೊಣಕಾಲು ನೋಯಿಸಿಕೊಂಡು ಬಂದವರಿಗೆ ಅವರ ಔಷಧ ಎರಡೇ ಶಬ್ದ: "ಆರಾಮ್ ಕರಾ." ವಿಶ್ರಾಂತಿ ತಗೊಳ್ಳಿ. ಮತ್ತೆ ನಮ್ಮ ಕೋಣೆಗೆ ಕಳಿಸುತ್ತಿದ್ದರು. ನಾವು ಬಿಸಿ ಮೇಣ ಹಚ್ಚುತ್ತಿದ್ದೆವು, ಯಂತ್ರದ ತಂತಿ ಜೋಡಿಸಿ ಕೂಡಿಸುತ್ತಿದ್ದೆವು. ರೋಗಿಗೂ ಖುಷಿ, ಯಂತ್ರ ಗುಂಯ್ ಅನ್ನುತ್ತಿತ್ತಲ್ಲ.

ಅಪ್ಪಾಸಾಹೇಬ ಅಂತ ಒಬ್ಬ ನಿವೃತ್ತ ಮಾಸ್ತರರಿದ್ದರು. ದಿನಾ ಬೆಳಿಗ್ಗೆ ಟೇಕಡಿ ಹತ್ತುವ ಗುಂಪಿನವರು. ಊರ ನಡುವಿನ ಗುಡ್ಡಕ್ಕೆ ಇಲ್ಲಿನವರು ಟೇಕಡಿ ಅನ್ನುತ್ತಾರೆ. ಅದನ್ನು ಹತ್ತದವರು ಪುಣೇಕರರೇ ಅಲ್ಲ ಅನ್ನುವ ಹಿರಿಯರು ಇನ್ನೂ ಇದ್ದಾರೆ. ಗೆಳೆಯರ ಜೊತೆ ಪೈಪೋಟಿಗೆ ಬಿದ್ದು, ದಿನಕ್ಕೆ ಒಂದು ಸಲ ಹತ್ತುವುದನ್ನು ಎರಡು ಸಲ ಮಾಡಿ ಮೊಣಕಾಲು ಕೆಡಿಸಿಕೊಂಡಿದ್ದರು. ಡಾಕ್ಟರು "ಆರಾಮ್ ಕರಾ" ಅಂದರು. ಮಾಸ್ತರರು ಮನೆಯಲ್ಲಿ ಕೂತರು. ತಿಂಗಳಾದ ಮೇಲೆ ಹೆಂಡತಿಯೇ ಅವರನ್ನು ಕರೆದುಕೊಂಡು ಬಂದರು. "ಇವರ ಕಾಲು ಇರಲಿ, ಮೊದಲು ಇವರನ್ನ ಮನಿ ಹೊರಗ ಹಾಕೋ ವ್ಯವಸ್ಥಾ ಮಾಡ್ರಿ. ಕುಕ್ಕರ್ ಸೀಟಿ ಎಷ್ಟು ಹೊಡೀಬೇಕು ಅಂತ ನನಗ ಕಲಿಸಾಕ ಹತ್ಯಾರ."

ನಾನು ಮಾಸ್ತರರಿಗೆ ಕೇಳಿದೆ, "ಹತ್ತುವಾಗ ನೋಯ್ತದೋ, ಇಳಿಯುವಾಗೋ?"

"ಇಳಿಯುವಾಗ. ಹತ್ತೋದಕ್ಕೇನು, ಇವತ್ತೂ ಹತ್ತಿ ತೋರಿಸ್ತೀನಿ."

ಇದು ಎಲ್ಲ ಮೊಣಕಾಲಿನ ಕಥೆ. ಹತ್ತುವಾಗ ತೊಡೆ ದುಡಿಯುತ್ತದೆ, ಇಳಿಯುವಾಗ ಮೈಭಾರವೆಲ್ಲ ಚಿಪ್ಪಿನ ಹಿಂದೆ ಬಂದು ಕೂಡುತ್ತದೆ. ಇನ್ನೊಂದು ಮಾತು ಕೇಳಿದೆ: "ಗುಡ್ಡದ ಮ್ಯಾಲೆ ಏನೈತ್ರಿ ಅಂಥಾದ್ದು?" ಸ್ವಲ್ಪ ನಾಚಿಕೊಂಡು ಹೇಳಿದರು, ಮೇಲೆ ದೇವಸ್ಥಾನದ ಕಟ್ಟೆ ಮೇಲೆ ಗೆಳೆಯರೆಲ್ಲ ಕೂತು ಚಹಾ ಕುಡಿಯುತ್ತಾರೆ, ರಾಜಕಾರಣ ಮಾತಾಡುತ್ತಾರೆ. ಆಗ ನನಗೆ ವ್ಯವಹಾರ ಸ್ಪಷ್ಟವಾಯಿತು. ಇವರಿಗೆ ಬೇಕಾದದ್ದು ಗುಡ್ಡ ಅಲ್ಲ, ಕಟ್ಟೆ. "ಒಂದೇ ಸಲ ಹತ್ರಿ, ನಿಧಾನಕ್ಕ. ಆದ್ರ ಇಳಿಯೂದು ಹಿಂದಿನ ಡಾಂಬರು ರಸ್ತೆಗುಂಟ, ಗೆಳೆಯನ ಸ್ಕೂಟರ್ ಮ್ಯಾಲೆ. ಮನಿಗೆ ಬಂದು ನಾ ಹೇಳಿದ ತೊಡೆ ವ್ಯಾಯಾಮ. ತೊಡೆ ಗಟ್ಟಿ ಆದ ದಿನ ಇಳಿಯೋ ದಾರಿ ವಾಪಸ್ ಕೊಡ್ತೀನಿ."

ಡಾಕ್ಟರಿಗೆ ಸುದ್ದಿ ಹೋಯಿತು. ಕರೆಸಿ ಬೈದರು, "ವಿಶ್ರಾಂತಿ ಅಂತ ನಾನು ಬರೆದರೆ ನೀವು ಗುಡ್ಡ ಹತ್ತಿಸ್ತೀರಾ?" ನಾನು ಹೇಳಿದೆ, "ಸರ್, ಅವರು ಹೆಂಗೂ ಕದ್ದು ಹತ್ತವರೇ ಇದ್ದರು. ನಾ ಹತ್ತೂದು ಕೊಟ್ಟು ಇಳಿಯೂದು ತಗೊಂಡೆ." ಅವರಿಗೆ ನಗು ತಡೆಯಲಾಗಲಿಲ್ಲ. "ತುಮ್ಹೀ ಥೆರಪಿಸ್ಟ್ ನಾಹೀ, ದಲಾಲ ಆಹಾತ" ಅಂದರು. ನೀವು ಥೆರಪಿಸ್ಟ್ ಅಲ್ಲ, ದಲ್ಲಾಳಿ ಅಂತ. ಅವತ್ತಿನಿಂದ ಆಸ್ಪತ್ರೆಯಲ್ಲಿ ನನ್ನ ಹೆಸರು ಅದೇ ಆಯಿತು. ನನಗೇನೂ ಬೇಜಾರಾಗಲಿಲ್ಲ. ಆಮೇಲೆ ಅವರೇ ಹಟಮಾರಿ ರೋಗಿಗಳನ್ನು "ದಲಾಲಬಾಯಿ ಹತ್ತಿರ ಹೋಗ್ರಿ" ಅಂತ ಕಳಿಸತೊಡಗಿದರು.

ಕಾಲ ಬದಲಾಯಿತು. ಮೇಣ ಹೋಯಿತು, ಯಂತ್ರ ಮೂಲೆ ಸೇರಿತು, ವ್ಯಾಯಾಮವೇ ಔಷಧ ಅಂತ ಎಲ್ಲರೂ ಒಪ್ಪಿದರು. ಒಪ್ಪದವರು ರೋಗಿಗಳು ಮಾತ್ರ. ಹಡಪಸರದಲ್ಲಿ ಹೋಟೆಲ್ ಇಟ್ಟಿರುವ ಕುಂದಾಪುರದ ಕಡೆಯ ಭೋಜಣ್ಣ ಜಿಮ್ಮಿನಲ್ಲಿ ಬಸ್ಕಿ ಹೊಡೆದು ಮೊಣಕಾಲು ಹಿಡಿಸಿಕೊಂಡು, ಒಂದರ ಮೇಲೊಂದು ಎರಡು ನೀ-ಕ್ಯಾಪ್ ಹಾಕಿಕೊಂಡು ಗಲ್ಲಾದ ಮೇಲೆ ಕೂಡುತ್ತಿದ್ದರು. ಇಡ್ಲಿ ತಿನ್ನಲು ಬಂದವರೆಲ್ಲ ಮೊದಲು ಅವರ ಕಾಲು ವಿಚಾರಿಸಿ ಆಮೇಲೆ ಚಟ್ನಿ ಕೇಳುತ್ತಿದ್ದರು. "ಇದು ಬಿಚ್ಚಿದ್ರೆ ಮಂಡಿ ಬಿದ್ದೇ ಹೋಗ್ತದೆ ಅಂತ ಆಗ್ತದೆ ಮಾರಾಯ್ರೆ" ಅನ್ನುತ್ತಿದ್ದರು. "ಬಿದ್ದರ ನಾನೇ ಎತ್ತಿ ಕೊಡ್ತೀನಿ, ಬಿಚ್ಚರಿ" ಅಂದೆ. ಒಂದು ವಾರಕ್ಕೆ ಒಂದು, ಮುಂದಿನ ವಾರಕ್ಕೆ ಇನ್ನೊಂದು, ಹೀಗೆ ಬಿಚ್ಚಿಸಿದೆ. ಒಮ್ಮೆಲೇ ಎರಡೂ ಕೇಳಿದ್ದರೆ ಕೊಡುತ್ತಿರಲಿಲ್ಲ.

ಚೌಕಾಸಿ ಅಂದೆ ಅಂತ ಎಲ್ಲದಕ್ಕೂ ಚೌಕಾಸಿ ಮಾಡಬೇಡಿ. ಮೊಣಕಾಲು ಊದಿಕೊಂಡು ಬಿಸಿಯಾಗಿದ್ದರೆ, ಬಗ್ಗಿದ್ದು ಅಲ್ಲೇ ಸಿಕ್ಕಿಕೊಂಡು ನೆಟ್ಟಗಾಗದಿದ್ದರೆ, ನಡೆಯುವಾಗ ಕುಸಿದು ಕೈಕೊಟ್ಟರೆ, ಮಲಗಿದಾಗಲೂ ನೋವು ಬಿಡದಿದ್ದರೆ, ಜ್ವರ ಬಂದಿದ್ದರೆ ನಿಮ್ಮ ಜಾಣತನವನ್ನು ಜೇಬಿನಲ್ಲಿಟ್ಟು ಅದೇ ದಿನ ಡಾಕ್ಟರ ಹತ್ತಿರ ಕಳಿಸಿ. ಒಡೆದ ಪಾತ್ರೆಗೆ ನಮ್ಮವ್ವ ಯಾವತ್ತೂ ವ್ಯಾಪಾರ ಕುದುರಿಸಲಿಲ್ಲ.

ಇನ್ನು ಮಹಾದೇವಿಯ ಕಥೆ. ನನ್ನ ಕೆಲಸ ಏನು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುವುದು.

ಅವಳನ್ನು ಕರೆದುಕೊಂಡು ಬಂದವರು ಭೋಜಣ್ಣ. ಅವರ ಹೋಟೆಲಿನಲ್ಲಿ ಮಧ್ಯಾಹ್ನದಿಂದ ಬಿಲ್ಲಿನ ಕೌಂಟರ್ ನೋಡಿಕೊಳ್ಳುವ ಹುಡುಗಿ. ಜತ್ ಕಡೆಯವಳು; ಮಹಾರಾಷ್ಟ್ರದ ಊರು, ಮನೆಮಾತು ಕನ್ನಡ. ಚಿಕ್ಕಮ್ಮನ ಮನೆಯಲ್ಲಿದ್ದು, ಬೆಳಗಿನ ಜಾವ ಪೊಲೀಸ್ ಭರ್ತಿಗೆ ತಯಾರಿ ಮಾಡುತ್ತಿದ್ದಳು. ಭರ್ತಿ ಅಂದರೆ ನೇಮಕಾತಿ. ಅದಕ್ಕೆ ಓಟ ಇದೆ, ಗುಂಡು ಎಸೆತ ಇದೆ, ಆಮೇಲೆ ಲಿಖಿತ ಪರೀಕ್ಷೆ.

"ಎರಡು ಮೆಟ್ಟಿಲು ಇಳೀಲಿಕ್ಕೆ ಐದು ನಿಮಿಷ ಮಾಡ್ತಾಳೆ ನೋಡಿ" ಅಂದರು ಭೋಜಣ್ಣ. "ಕೇಳಿದ್ರೆ ಎಂತದೂ ಇಲ್ಲ ಅಂತಾಳೆ."

ಮಹಾದೇವಿ ಗೋಡೆ ನೋಡುತ್ತ ಹೇಳಿದಳು, "ಏನೂ ಮಾಡಿಲ್ಲರೀ, ತಾನಾಗೇ..."

"ಆ ಹಾಡು ನನಗ ಬರತೈತಿ" ಅಂದೆ. "ಗ್ರೌಂಡಿನ್ಯಾಗ ಹೊಸದೇನು ಶುರು ಮಾಡ್ಯಾರ, ಅದನ್ನ ಹೇಳು."

ಕಪ್ಪೆ ಜಿಗಿತ. ಕುಕ್ಕರಗಾಲಲ್ಲಿ ಕೂತು, ಕೈ ತಲೆಯ ಹಿಂದೆ ಕಟ್ಟಿ, ಮೈದಾನದ ಈ ತುದಿಯಿಂದ ಆ ತುದಿಗೆ ಜಿಗಿಯುತ್ತ ಹೋಗುವುದು. ಓಟ ಹೇಗೂ ಇತ್ತು. ಅದರ ಮೇಲೆ ಇದು. ತಡವಾಗಿ ಬಂದವರಿಗೆ ಶಿಕ್ಷೆಯಾಗಿ ಇನ್ನೊಂದು ಸುತ್ತು. ಹೋಟೆಲಿನಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗುವ ಇವಳು ದಿನಾ ತಡವಾಗಿಯೇ ಹೋಗುತ್ತಿದ್ದಳು. ಪರೀಕ್ಷಿಸಿದೆ. ಊತವಿಲ್ಲ, ಕೀಲು ಗಟ್ಟಿ, ಚಿಪ್ಪಿನ ಸುತ್ತ ನೋವು, ತೊಡೆ ಪರವಾಗಿಲ್ಲ, ಆದರೆ ಸೊಂಟದ ಪಕ್ಕದ ಸ್ನಾಯು ತೆಳ್ಳಗಿನ ದಾರ. ಬಗ್ಗಿದಾಗ ಮೊಣಕಾಲು ಒಳಗೆ ವಾಲುತ್ತಿತ್ತು. ಸರಿಹೋಗುವ ಕಾಲು ಇದು, ಆದರೆ ಸಮಯ ಬೇಕು.

ಸಮಯ ಅನ್ನುವ ಶಬ್ದ ಕೇಳಿದ ಕೂಡಲೇ ಅವಳ ಕಣ್ಣು ತುಂಬಿತು. "ಮುಂದಿನ ಭರ್ತಿಗೆ ನನಗ ವಯಸ್ಸು ದಾಟತೈತ್ರಿ ಮ್ಯಾಡಮ್. ಇದ ಕೊನೇದು. ಇದ್ರಾಗ ಆಗಲಿಲ್ಲ ಅಂದ್ರ ಮನ್ಯಾಗ ಲಗ್ನ ಮಾಡಿಬಿಡತಾರ. ಹುಡುಗನ್ನ ನೋಡಿ ಇಟ್ಟಾರ. ಅವರಿಗೆ ಹೆಂಗಸರು ಹೊರಗ ದುಡಿಯೂದು ಬ್ಯಾಡಂತ."

ಭೋಜಣ್ಣ ಕೆಮ್ಮಿದರು. ಇಂಥ ಕಡೆ ಹೊಸಬರು "ಆರೋಗ್ಯ ಮುಖ್ಯ ಕಣಮ್ಮಾ" ಅಂತ ಉಪದೇಶ ಮಾಡುತ್ತಾರೆ. ಮಾಡಬೇಡಿ. ಎದುರಿನವರಿಗೆ ಯಾವುದು ಮುಖ್ಯ ಅನ್ನುವುದನ್ನು ಅವರು ಹೇಳಿಬಿಟ್ಟಿದ್ದಾರೆ. ಅದರ ಒಳಗೇ ನೀವು ವ್ಯಾಪಾರ ಮಾಡಬೇಕು.

"ಗ್ರೌಂಡಿಗೆ ಹೋಗು" ಅಂದೆ. "ಆದ್ರ ಕಪ್ಪೆ ಜಿಗಿತ ನನಗ ಕೊಡು. ಓಟ ಅರ್ಧ ಕೊಡು. ಹೆಜ್ಜೆ ಸಣ್ಣದು, ಲಗುಲಗು. ನೋವಿಗೆ ಹತ್ತರಾಗ ಮೂರು ಅಂಕದ ತನಕ ನನ್ನ ಪರವಾನಗಿ ಐತಿ. ಆದ್ರ ಮರುದಿನ ಮುಂಜಾನೆ ಎದ್ದಾಗ ಅದು ಇಳಿದಿರಬೇಕು. ಇಳಿದಿಲ್ಲ ಅಂದ್ರ ನಿನ್ನೆ ಹೆಚ್ಚಾತು ಅಂತ ತಿಳಿ."

"ಕಪ್ಪೆ ಜಿಗಿತ ಬಿಟ್ರ ಸರ್ ಬ್ಯಾಚಿನಿಂದ ತೆಗೀತಾರ್ರಿ."

ಸರ್ ಅಂದರೆ ಜಾಧವ ಸರ್. ಸೈನ್ಯದಿಂದ ನಿವೃತ್ತರಾಗಿ ಭರ್ತಿಯ ತರಬೇತಿ ಕೇಂದ್ರ ನಡೆಸುತ್ತಿದ್ದವರು. ಮರುದಿನ ಬೆಳಿಗ್ಗೆ ನಾನೇ ಮೈದಾನಕ್ಕೆ ಹೋದೆ. ಮೀಸೆ ತಿರುವಿ ನಿಂತ ಆಳು. ನನ್ನ ಮಾತು ಪೂರ್ತಿ ಕೇಳುವ ಮೊದಲೇ ಎಲ್ಲ ಹುಡುಗ ಹುಡುಗಿಯರ ಎದುರು ಗುಡುಗಿದರು, "ಇಥೇ ಸಗಳ್ಯಾಂನಾ ಏಕಚ ನಿಯಮ!" ಇಲ್ಲಿ ಎಲ್ಲರಿಗೂ ಒಂದೇ ನಿಯಮ. "ಒಬ್ಬಳಿಗೆ ಸವಲತ್ತು ಕೊಟ್ಟರೆ ನಾಳೆ ಹತ್ತು ಜನರ ಕಾಲು ನೋಯುತ್ತವೆ."

ಮಂದಿ ಎದುರಿಗೆ ಯಾರೂ ಸೋಲುವುದಿಲ್ಲ. ಅದಕ್ಕೆ ನಾನೂ ವಾದಿಸಲಿಲ್ಲ. "ಚಹಾ ಕುಡಿಯೋಣ ಬರ್ರಿ" ಅಂತ ಮೈದಾನದ ಹೊರಗಿನ ಟಪರಿಗೆ ಕರೆದೆ. ಗ್ಯಾಲರಿಯ ಮೆಟ್ಟಿಲು ಇಳಿಯುವಾಗ ಅವರು ಕಂಬಿ ಹಿಡಿದು, ಅಡ್ಡಡ್ಡವಾಗಿ, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಕೂಡಿಸಿ ಇಳಿದರು. ನಾನು ಆಕಾಶ ನೋಡುತ್ತ ಇಳಿದೆ.

ಚಹಾ ಅರ್ಧ ಆದ ಮೇಲೆ ಮೆಲ್ಲಗೆ ಕೇಳಿದೆ, ಮರಾಠಿಯಲ್ಲೇ, "ಎಡದ್ದೋ ಬಲದ್ದೋ, ಸರ್?"

ಅವರು ಸುತ್ತ ನೋಡಿದರು. "ಎರಡೂ" ಅಂದರು.

"ಎಷ್ಟು ವರ್ಷದ ಕಪ್ಪೆ ಜಿಗಿತ?"

"ಇಡೀ ಸರ್ವೀಸು." ಆಮೇಲೆ ಮೀಸೆ ಒರೆಸಿಕೊಂಡು, "ಆದರೆ ಮ್ಯಾಡಮ್, ಅದು ಕಾಲಿಗಲ್ಲ, ಮನಸ್ಸಿಗೆ. ಅಳು ಬರಬೇಕು. ಅಳು ಬಂದ ಮೇಲೂ ನಿಲ್ಲಬಾರದು. ಆಗಲೇ ಪೊಲೀಸ್ ಆಗೋದು."

ಅವರಿಗೆ ಬೇಕಾದದ್ದು ಏನು ಅಂತ ಅಲ್ಲಿಗೆ ಗೊತ್ತಾಯಿತು. ಕಪ್ಪೆ ಅಲ್ಲ, ಅಳು! "ಅಷ್ಟೇ ಅಳು ಬರಿಸೋ ಬೇರೆ ಒಂದು ಕೊಟ್ಟರೆ ತಗೋತೀರಾ?" ಅಂದೆ. ವಾಪಸ್ ಮೈದಾನಕ್ಕೆ ಹೋಗಿ ಇಡೀ ಬ್ಯಾಚನ್ನು ಗೋಡೆಗೆ ಬೆನ್ನು ಹಚ್ಚಿ, ಕುರ್ಚಿ ಇಲ್ಲದೆ ಕುರ್ಚಿಯ ಮೇಲೆ ಕೂತ ಹಾಗೆ ನಿಲ್ಲಿಸಿದೆ. ಭಾಳ ಕೆಳಗೆ ಅಲ್ಲ, ಮೊಣಕಾಲು ತಡೆಯುವಷ್ಟು. ಮೊದಲು ಎಲ್ಲರೂ ಕಿಸಿಕಿಸಿ ನಕ್ಕರು. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಇನ್ನೂ ಸ್ವಲ್ಪ ಹೊತ್ತಿಗೆ ತೊಡೆಗಳು ನಡುಗತೊಡಗಿದವು. ದೊಡ್ಡ ಮೈಯ ಹುಡುಗನೊಬ್ಬ "ಆಯೀ ಗ!" ಅಂತ ಅವ್ವನನ್ನು ಕರೆದ. ಜಾಧವ ಸರ್ ಸಾಲಿನ ಮುಂದೆ ಅಡ್ಡಾಡಿ ಒಬ್ಬೊಬ್ಬರ ಮುಖವನ್ನೂ ನೋಡಿದರು. ಮಗ್ಗದಿಂದ ಈಗಷ್ಟೇ ಇಳಿದ ಬಟ್ಟೆಯನ್ನು ಮುಟ್ಟಿ ನೋಡುವ ಗಿರಾಕಿಯ ಹಾಗಿತ್ತು ಅವರ ತೃಪ್ತಿ. "ಹೇ ಚಾಂಗಲಂ ಆಹೇ" ಅಂದರು. ಇದು ಚಲೋ ಐತಿ.

ಕಪ್ಪೆ ಜಿಗಿತ ಇಡೀ ಬ್ಯಾಚಿಗೇ ನಿಂತಿತು. ಒಬ್ಬಳಿಗೆ ಸವಲತ್ತು ಅಲ್ಲ, ಎಲ್ಲರಿಗೂ ಹೊಸ ಶಿಕ್ಷೆ. ಅವರ ನಿಯಮವೂ ಉಳಿಯಿತು, ಮೀಸೆಯೂ ಉಳಿಯಿತು.

ಮಹಾದೇವಿ ಮಾತು ಕೇಳುವ ಹುಡುಗಿ. ಸೊಂಟದ ವ್ಯಾಯಾಮ, ಮಲಗಿ ಕಾಲು ಎತ್ತುವುದು, ಒಂದು ಇಟ್ಟಂಗಿ ಎತ್ತರದಿಂದ ನಿಧಾನಕ್ಕೆ ಕಾಲು ಇಳಿಸುವುದು ಎಲ್ಲ ಹೋಟೆಲಿನ ಸಾಮಾನು ಕೋಣೆಯಲ್ಲಿ ಅಕ್ಕಿ ಚೀಲಗಳ ನಡುವೆ ಮಾಡಿದಳು. ನೋವು ಇಳಿಯಿತು. ಓಟ ಸ್ವಲ್ಪ ಸ್ವಲ್ಪ ವಾಪಸ್ ಕೊಟ್ಟೆ. ಒಂದು ದಿನ ಮೆಟ್ಟಿಲನ್ನು ಟಕಟಕ ಇಳಿದು ತೋರಿಸಿದಳು. ಅದೇ ಖುಷಿಯಲ್ಲಿ ಅವ್ವನಿಗೆ ಫೋನ್ ಮಾಡಿ "ಕಾಲು ನೆಟ್ಟಗಾತು" ಅಂತ ಹೇಳಿದ್ದಾಳೆ.

ಅಲ್ಲಿ ಆಯಿತು ಅನಾಹುತ. ಅಮಾವಾಸ್ಯೆಗೆ ಊರಿಗೆ ಹೋಗಿ ಬಂದವಳು ನನ್ನ ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದಳು. ಮೊದಲಿಗಿಂತ ಹೆಚ್ಚು ನೋವು. ಮೊಣಕಾಲಿನ ಮುಂದಿನ ಚರ್ಮ ತರಚಿ ಕಪ್ಪಾಗಿತ್ತು.

"ಏನು ಮಾಡಿದಿ?"

"ದೀಡನಮಸ್ಕಾರ ಹಾಕಿದೆರೀ."

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಾವಿಯಿಂದ ದೇವಿಯ ಗುಡಿಯ ತನಕ, ಒದ್ದೆ ಬಟ್ಟೆಯಲ್ಲಿ, ನೆಲಕ್ಕೆ ಉದ್ದುದ್ದ ಬಿದ್ದು ಏಳುತ್ತ, ಮತ್ತೆ ಬಿದ್ದು ಏಳುತ್ತ ಹೋಗುವ ಹರಕೆ ಅದು. ಪ್ರತಿ ಸಲ ಮೊಣಕಾಲೂರಿ ಇಳಿಯಬೇಕು, ಮೊಣಕಾಲೂರಿಯೇ ಏಳಬೇಕು.

"ಎದಕ್ಕ ಹಾಕಿದಿ?"

"ಮೊಣಕಾಲು ನೆಟ್ಟಗಾದರ ಮಗಳಿಂದ ದೀಡನಮಸ್ಕಾರ ಹಾಕಸ್ತೀನಿ ಅಂತ ಅವ್ವ ಬೇಡಿಕೊಂಡಿದ್ದಳ್ರಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೊಣಕಾಲು ವಾಸಿಯಾದದ್ದಕ್ಕೆ ಮೊಣಕಾಲನ್ನೇ ಕೊಟ್ಟು ಬಂದಿದ್ದಾಳೆ! ಪುಣೆಯಲ್ಲಿ ಹುಟ್ಟಿ ಬೆಳೆದ ಯಾವ ಥೆರಪಿಸ್ಟಿಗೂ ಹರಕೆಯ ಬಗ್ಗೆ ಕೇಳಬೇಕು ಅಂತ ಹೊಳೆಯುವುದಿಲ್ಲ, ಆದರೆ ನನಗೆ ಹೊಳೆಯಬೇಕಾಗಿತ್ತು. ಅವತ್ತಿನಿಂದ ನಮ್ಮ ಕಡೆಯ ಯಾವ ರೋಗಿ ಬಂದರೂ ಮೊದಲ ದಿನವೇ ಕೇಳತೊಡಗಿದೆ: "ಮನ್ಯಾಗ ಯಾರರ ಹರಕಿ ಹೊತ್ತಾರೇನು? ಹೊತ್ತಿದ್ರ ಕಾಯಿ ಒಡೀರಿ, ಸೀರಿ ಉಡಸರಿ, ಮೊಣಕಾಲಿನ ತಂಟೆಕ್ಕ ಹೋಗಬ್ಯಾಡ್ರಿ." ನೀವೂ ಕೇಳಿ.

ಅವಳ ಅವ್ವನಿಗೆ ಫೋನ್ ಹಚ್ಚಿಸಿದೆ. ಆ ಹೆಂಗಸು ಅಳುತ್ತ, "ದೇವಿತಾಯಿ ಮ್ಯಾಲೆ ಸಿಟ್ಟಾಗಬ್ಯಾಡ್ರಿ ಡಾಕ್ಟರಬಾಯಿ" ಅಂದಳು. "ದೇವಿ ಮ್ಯಾಲೆ ನನ್ನ ಸಿಟ್ಟಿಲ್ಲ" ಅಂದೆ. "ನಿಮ್ಮ ಮಗಳು ಹರಕಿ ತೀರಿಸಿದಳು. ಈಗ ಆಕಿಗೆ ನೌಕರಿ ಕೊಡೋ ಪಾಳಿ ದೇವಿದು. ಅಲ್ಲೀತನ ನೀವು ಹೊಸಾದು ಏನೂ ಬೇಡಿಕೊಳ್ಳಬ್ಯಾಡ್ರಿ, ಅಷ್ಟ."

ಭರ್ತಿಯ ದಿನ ಹತ್ತಿರ ಬಂದಿತ್ತು. ಜಾಧವ ಸರ್ ಗಾಬರಿಯಿಂದ ಬಂದರು. ಅವರ ಪರಿಚಯದವನೊಬ್ಬ ಓಟದ ದಿನ ಬೆಳಿಗ್ಗೆ ನೋವಿನ ಇಂಜೆಕ್ಷನ್ ಚುಚ್ಚುತ್ತಾನೆ, ಏನೂ ಗೊತ್ತಾಗುವುದಿಲ್ಲ ಅಂದರು. ಮಹಾದೇವಿಯ ಮುಖದಲ್ಲಿ ಆಸೆ ಮೂಡಿದ್ದು ಕಂಡಿತು.

ನಾನು ಅವಳಿಗೇ ಹೇಳಿದೆ: "ನೋವು ಅಂದ್ರ ಓಣಿ ನಾಯಿ. ಕಳ್ಳ ಬಂದಾನ ಅಂತ ಬೊಗಳತೈತಿ. ನಾಯಿ ಬಾಯಿ ಕಟ್ಟಿದ್ರ ಕಳ್ಳ ಹೋಗಂಗಿಲ್ಲ, ಆರಾಮ ಮನಿ ತುಂಬ ಅಡ್ಡಾಡತಾನ. ಓಟ ಒಂದು ದಿನದ್ದು. ಆಯ್ಕೆ ಆದ ಮ್ಯಾಲೆ ತಿಂಗಳಗಟ್ಟಲೆ ಪರೇಡ್ ಯಾವ ಕಾಲಿಂದ ಮಾಡ್ತಿ?"

"ಹಂಗಾದ್ರ ಏನು ಮಾಡ್ಲಿ?" ಅವಳ ಧ್ವನಿಯಲ್ಲಿ ಸಿಟ್ಟಿತ್ತು. "ನೀವು ಬರೇ ಬ್ಯಾಡ ಅಂತೀರಿ."

ಸರಿಯಾದ ಪ್ರಶ್ನೆ. ಅವಳ ಕೈ ಖಾಲಿಯಾಗಿತ್ತು.

ನಾನು, ಜಾಧವ ಸರ್, ಅವಳು ಮೂವರೂ ಭೋಜಣ್ಣನ ಹೋಟೆಲಿನ ಮೂಲೆ ಟೇಬಲ್ಲಿಗೆ ಕೂತೆವು. ಹುಡುಗಿಯ ಆಸೆ ಓಟದಲ್ಲಿ ಪೂರ್ತಿ ಅಂಕ. ನನ್ನ ಮಾತು, ಪೂರ್ತಿ ಅಂಕದ ಆಸೆ ಬಿಡು. ಓಟದಲ್ಲಿ ಸ್ವಲ್ಪ ಕಳೆದುಕೋ, ಗುಂಡು ಎಸೆತದಲ್ಲಿ ಗಳಿಸು, ಉಳಿದದ್ದು ಲಿಖಿತದಲ್ಲಿ. "ಅಲ್ಲೀತನ ಗ್ರೌಂಡಿನ್ಯಾಗ ಒಂದು ಹೆಜ್ಜೆನೂ ಓಡಂಗಿಲ್ಲ. ದಮ್ಮು ಉಳಿಸಾಕ ನಿಂತಲ್ಲೇ ನಿಂತಿರೋ ಸೈಕಲ್ ತುಳಿ, ಸೀಟು ಎತ್ತರ ಇಟ್ಟು."

ಜಾಧವ ಸರ್ ಮೇಜು ಗುದ್ದಿದರು. "ಓಡದೆ ಓಟದ ಪರೀಕ್ಷೆಯಾ? ಎಲ್ಲಾದರೂ ಕೇಳಿದ್ದೀರಾ?"

"ಕೇಳಿಲ್ಲ. ಇಂಜೆಕ್ಷನ್ ಚುಚ್ಚಿಕೊಂಡು ಪೊಲೀಸ್ ಆದವರನ್ನ ನೀವು ನೋಡೀರಾ?"

ಅವರು ಮೀಸೆ ಜಗ್ಗಿಕೊಂಡರು. ಆಮೇಲೆ ಎದ್ದು, "ಗುಂಡು ಎಸೆತ ನಾನು ನೋಡಿಕೋತೀನಿ. ಆದರೆ ದಿನಾ ಬರಬೇಕು, ತಡ ಮಾಡಂಗಿಲ್ಲ" ಅಂದರು. ಗಲ್ಲಾದಿಂದ ಭೋಜಣ್ಣ ಕೂಗಿದರು, "ಅವಳಿಗೆ ರಾತ್ರಿ ಪಾಳಿ ಇಲ್ಲ ಇನ್ನು. ನಾನೇ ಕೂತ್ಕೊಳ್ತೇನೆ. ಮಂಡಿ ಉಂಟಲ್ಲ ನಂಗೂ, ಕೂರ್ಲಿಕ್ಕೆ ಎಂತ ಕಷ್ಟ?"

ಮಹಾದೇವಿ ನೀರು ಕುಡಿದು, ಲೋಟ ಕೆಳಗಿಟ್ಟು, "ಇಂಜೆಕ್ಷನ್ ಬ್ಯಾಡ್ರಿ" ಅಂದಳು. ನಾನು ಎಷ್ಟೇ ಮಾತಾಡಿದರೂ ವ್ಯಾಪಾರ ಕುದುರುವುದು ಆ ಕಡೆಯವರು ಹೂಂ ಅಂದಾಗಲೇ.

ಪರೀಕ್ಷೆಯ ದಿನ ಗೇಟಿನ ಒಳಗೆ ನಮ್ಮನ್ನು ಬಿಡಲಿಲ್ಲ. ನಾನು, ಜಾಧವ ಸರ್ ರಸ್ತೆಯ ಈಚೆ ನಿಂತೆವು. ಗೋಡೆಯ ಆಚೆ ಸೀಟಿ ಕೇಳುತ್ತಿತ್ತು, ಧೂಳು ಏಳುತ್ತಿತ್ತು. ಯಾರ ಸೀಟಿ, ಯಾರ ಧೂಳು ಗೊತ್ತಾಗುತ್ತಿರಲಿಲ್ಲ. ಸರ್ ಒಂದೊಂದು ಸೀಟಿಗೂ "ಈಗ ಅವಳದು" ಅನ್ನುತ್ತಿದ್ದರು. ಹಾಗೆ ಎಷ್ಟೋ ಸಲ ಓಡಿಸಿದರು ಅವಳನ್ನು. ಹುಡುಗಿಯರು ಹೊರಗೆ ಬರತೊಡಗಿದರು. ಕೆಲವರು ಕುಣಿಯುತ್ತ, ಕೆಲವರು ದುಪಟ್ಟಾದಲ್ಲಿ ಮುಖ ಮುಚ್ಚಿ. ಇವಳು ಬಂದಾಗ ನಾನು ಮುಖ ನೋಡಲಿಲ್ಲ, ನಡಿಗೆ ನೋಡಿದೆ. ಕುಂಟುತ್ತಿದ್ದಳು, ಸ್ವಲ್ಪ.

"ಹೇಳಿದಷ್ಟ ಓಡಿದಿಲ್ಲೋ?"

"ಕೊನೇ ತಿರುವಿನ ತನಕ ನೀವು ಹೇಳಿದಂಗ ಓಡಿದೆರೀ. ಆಮ್ಯಾಲೆ ಒಬ್ಬಾಕಿ ನನ್ನ ದಾಟಿ ಹೋದಳು."

"ಹೋಗಲಿ ಬಿಡಬೇಕಿಲ್ಲೋ!"

"ಬಿಡಾಕ ಆಗಲಿಲ್ಲರೀ. ದಾಟಿಬಿಟ್ಟೆ ಆಕಿನ್ನ."

ನಾನು ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಜಾಧವ ಸರ್ ನಡುರಸ್ತೆಯಲ್ಲಿ ಅವಳಿಗೆ ಸೆಲ್ಯೂಟ್ ಹೊಡೆದರು. ಹಿಂದಿನಿಂದ ರಿಕ್ಷಾದವನು ಹಾರ್ನ್ ಬಾರಿಸಿ, "ಕಾಕಾ, ಪರೇಡ್ ಮನ್ಯಾಗ ಮಾಡ್ರಿ" ಅಂತ ಮರಾಠಿಯಲ್ಲಿ ಬೈದು ಹೋದ.

ಗುಂಡು ಎಸೆತ ಅವಳನ್ನು ಎತ್ತಿತು, ಲಿಖಿತ ದಡ ಹತ್ತಿಸಿತು. ಆಯ್ಕೆಯಾದಳು. ನೋಡಿಟ್ಟ ಹುಡುಗನ ಮನೆಯವರಿಗೆ ಅವಳ ಅವ್ವನೇ "ನಮ್ಮ ಹುಡುಗಿ ಈಗ ಸರಕಾರದಾಕಿ" ಅಂತ ಹೇಳಿ ಕಳಿಸಿದಳಂತೆ. ತರಬೇತಿಗೆ ಹೋಗುವ ಮೊದಲು ಇನ್ನೊಂದಿಷ್ಟು ವಾರ ನನ್ನ ಹತ್ತಿರ ಬಂದು ಕಾಲು ಗಟ್ಟಿ ಮಾಡಿಕೊಂಡಳು. ಆಮೇಲೆ ಬರಲಿಲ್ಲ. ನಮ್ಮ ಕೆಲಸದಲ್ಲಿ ಇದು ನೆನಪಿರಲಿ: ವಾಸಿಯಾದವರು ಬರುವುದಿಲ್ಲ. ಬರದೇ ಇದ್ದರೆ ಮರೆತರು ಅಂತ ಮುಖ ಬಾಡಿಸಿಕೊಳ್ಳಬೇಡಿ, ನಿಮ್ಮ ಕೆಲಸ ಆಯಿತು ಅಂತ ತಿಳಿಯಿರಿ.

ನಾನು ಕ್ಲಿನಿಕ್ ಮುಚ್ಚುವ ಮೊದಲಿನ ಗಣಪತಿ ಹಬ್ಬ. ವಿಸರ್ಜನೆಯ ದಿನ. ಹಳೇ ಪೇಟೆಯೊಳಗೆ ಒಬ್ಬ ಅಜ್ಜಿಗೆ ಮೊಣಕಾಲು ಬದಲಿಸುವ ಆಪರೇಷನ್ ಆಗಿತ್ತು. ಹಬ್ಬ ಇರಲಿ ಏನೇ ಇರಲಿ, ಆ ವಾರ ಕಾಲು ಬಗ್ಗಿಸದಿದ್ದರೆ ಬಿಗಿದುಕೊಳ್ಳುತ್ತದೆ. ರಿಕ್ಷಾ ಸಿಗಲಿಲ್ಲ, ನಡೆದೇ ಹೊರಟೆ. ಅಜ್ಜಿಯ ಓಣಿ ಇನ್ನೇನು ಕಾಣಿಸುತ್ತಿದೆ, ಅಷ್ಟರಲ್ಲಿ ಬಿದಿರ ಬೇಲಿ ಕಟ್ಟಿ ಪೊಲೀಸರು ನಿಂತಿದ್ದರು. ಆಚೆ ಢೋಲು, ತಾಶಾ, ಗುಲಾಲು.

"ಮಾಗೇ ಫಿರಾ, ಇಥೂನ ರಸ್ತಾ ಬಂದ!" ಹಿಂದೆ ತಿರುಗಿ, ಇಲ್ಲಿಂದ ರಸ್ತೆ ಇಲ್ಲ ಅನ್ನುತ್ತಿದ್ದ ಕಾನ್‌ಸ್ಟೇಬಲ್ ನನ್ನ ಕಡೆ ತಿರುಗಿದಳು. ಮಹಾದೇವಿ. ಖಾಕಿಯಲ್ಲಿ ಎತ್ತರ ಕಾಣುತ್ತಿದ್ದಳು. ಹುಬ್ಬಿನ ಮೇಲೆಲ್ಲ ಗುಲಾಲು.

"ಮ್ಯಾಡಮ್! ನೀವೇನ್ರಿ ಈ ಗದ್ದಲದಾಗ?"

ಅಜ್ಜಿಯ ವಿಷಯ ಹೇಳಿದೆ. "ಅಗಾ, ಆ ಬಾಲ್ಕನಿ ಕಾಣತೈತಲ್ಲ, ಅದ. ಬೇಲಿ ಒಂಚೂರು ಸರಿಸು, ನುಸುಳಿ ಹೋಗಿಬಿಡ್ತೀನಿ."

"ಆಗಂಗಿಲ್ಲರೀ. ಆ ಕಡಿಂದ ದೊಡ್ಡ ಗಣಪತಿ ಬರಾಕ ಹತ್ತೈತಿ. ತುಳಿದಾಡತಾರ."

ನಾನು ಬಿಡುವವಳಲ್ಲ. ಗೋಡೆಗುಂಟ ಹೋಗುತ್ತೇನೆ ಅಂದೆ. ಬೇಡ ಅಂದಳು. ಅವಳೇ ಕೈ ಹಿಡಿದು ದಾಟಿಸಲಿ ಅಂದೆ. ಕಾವಲಿನ ಜಾಗ ಬಿಟ್ಟು ಬರುವ ಹಾಗಿಲ್ಲ ಅಂದಳು. ಕೊನೆಗೆ, "ನಿನ್ನ ಮೊಣಕಾಲು ನೆಟ್ಟಗ ಮಾಡಿದಾಕಿ ನಾನು, ಅಷ್ಟು ನೆನಪಿರಲಿ" ಅಂದೆ.

ಸುತ್ತಲಿನ ಜನ ನಕ್ಕರು. ಅವಳೂ ನಕ್ಕಳು, ಆದರೆ ಬೇಲಿಯ ಮೇಲಿಟ್ಟ ಕೈ ತೆಗೆಯಲಿಲ್ಲ. "ಅದಕ್ಕ ರೀ ಮುಂಜಾನಿಂದ ಇಲ್ಲೇ ನಿಂತೇನಿ. ಬರ್ರಿ, ದಾರಿ ಹೇಳ್ತೀನಿ. ಹಿಂದ ಹೋಗಿ ಎಡಕ್ಕ ಹೊಳ್ಳರಿ, ಹೂವಿನವರ ಓಣಿ ದಾಟಿದ್ರ ಅಜ್ಜಿ ಮನಿ ಹಿತ್ತಲಬಾಗಿಲು. ನಡಿಗಿ ಸ್ವಲ್ಪ ಜಾಸ್ತಿ ಆಗತೈತಿ. ಆದ್ರ ಮೆಟ್ಟಿಲಿಲ್ಲ."

ನಾನು ಸುತ್ತುಹಾಕಿಕೊಂಡೇ ಹೋದೆ, ಆದರೆ ಖಾಲಿ ಕೈಯಲ್ಲಿ ಅಲ್ಲ. ಅಜ್ಜಿ ಹಾಸಿಗೆಯ ಮೇಲೆ ಸಿಟ್ಟಿನಿಂದ ಕೂತಿದ್ದಳು. ಗಡಿಯಾರ ತೋರಿಸಿ, ಇಷ್ಟು ತಡ ಯಾಕೆ ಅಂತ ಗದರಿದಳು.

"ಪೊಲೀಸಬಾಯ್ನೀ ಸೋಡಲಂ ನಾಹೀ" ಅಂದೆ. ಪೊಲೀಸಮ್ಮ ಬಿಡಲಿಲ್ಲ.

"ಹಂಗಾದ್ರ ಇಷ್ಟು ನಗು ಎದಕ್ಕ?" ಅಂದಳು ಅಜ್ಜಿ.

ನಾನು ಅವಳ ಕಾಲು ಎತ್ತಿ ತೊಡೆಯ ಮೇಲಿಟ್ಟುಕೊಂಡೆ.